ಮಾಕೆದಾ: ಇಥಿಯೋಪಿಯಾದ ಒಂದು ಅಪರೂಪದ ಹೆಣ್ಣು ಹೆಸರು (ಪದೇ ಪದೇ ಕೇಳುವ ಪ್ರಶ್ನೆಗಳು)

ಬೆಂಗಳೂರಿನ ನಮ್ಮ ಮನೆಯ ಮಹಡಿಯಲ್ಲಿ ಇಥಿಯೋಪಿಯಾದ ಗಂಡ ಹೆಂಡತಿ ಮೂರು ವರ್ಷ ಬಾಡಿಗೆಗಿದ್ದರು. ಆಕೆ ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಎರಡನೇ ವರ್ಷ ಹೆಣ್ಣು ಮಗು ಹುಟ್ಟಿತು. ಮಾಕೆದಾ ಅಂತ ಹೆಸರಿಟ್ಟರು. ಅವತ್ತಿನಿಂದ ಬೀದಿಯವರಿಗೆಲ್ಲ ನಾನೇ ಆ ಹೆಸರಿನ ವಕೀಲ. ಹಾಲು ತರಲು ಹೋದರೂ ಕೇಳುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕರೂ ಕೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮಾಕೆದಾ ಅಂದರೆ ಅರ್ಥ ಏನು?

ನೇರವಾಗಿ ಹೇಳಿಬಿಡುತ್ತೇನೆ. ನಿಘಂಟು ತೆರೆದು ಬೆರಳಿಟ್ಟು ತೋರಿಸುವಂಥ ಅರ್ಥ ಈ ಹೆಸರಿಗಿಲ್ಲ. ಇದು ಒಬ್ಬ ರಾಣಿಯ ಹೆಸರು. ಬೈಬಲ್ಲಿನಲ್ಲಿ ಸೊಲೊಮೋನ ರಾಜನನ್ನು ನೋಡಲು ಬರುವ ಶೆಬದ ರಾಣಿ ಇದ್ದಾಳಲ್ಲ, ಅವಳನ್ನು ಇಥಿಯೋಪಿಯಾದವರು ಕರೆಯುವುದು ಮಾಕೆದಾ ಅಂತ. ಮಗಳಿಗೆ ಈ ಹೆಸರಿಡುವವರ ಮನಸ್ಸಿನಲ್ಲಿರುವುದು ಆ ರಾಣಿ, ಪದದ ಅರ್ಥ ಅಲ್ಲ.

ನಮ್ಮಲ್ಲೂ ಹೀಗೇ ಅಲ್ವಾ? ಸೀತೆ ಅಂದರೆ ನೇಗಿಲು ಎಳೆದ ಗೆರೆ. ಆದರೆ ಮಗಳಿಗೆ ಸೀತಾ ಅಂತ ಹೆಸರಿಡುವ ಯಾವ ತಾಯಿಗೂ ಹೊಲದ ಗೆರೆ ನೆನಪಾಗುವುದಿಲ್ಲ.

ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ‘ಸುಂದರಿ’, ‘ಮಹತ್ವ’ ಅಂತೆಲ್ಲ ಬರೆದಿದ್ದಾರಲ್ಲ?

ಬರೆದಿದ್ದಾರೆ. ಪಟ್ಟಿಯಲ್ಲಿ ಅರ್ಥದ ಕಾಲಂ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ, ಅದಕ್ಕೆ ಏನೋ ಒಂದು ತುಂಬುತ್ತಾರೆ. ಒಬ್ಬರು ಬರೆದದ್ದನ್ನು ಹತ್ತು ಜನ ನಕಲು ಮಾಡುತ್ತಾರೆ. ‘ಆಫ್ರಿಕನ್ ಹೆಸರು, ಅರ್ಥ: ಸುಂದರಿ’ ಅಂತ ಕಂಡರೆ ನಾನು ಅಲ್ಲೇ ಓದು ನಿಲ್ಲಿಸುತ್ತೇನೆ. ಆಫ್ರಿಕನ್ ಅನ್ನುವ ಭಾಷೆಯೇ ಇಲ್ಲ. ಇಥಿಯೋಪಿಯಾ ಒಂದರಲ್ಲೇ 80ಕ್ಕೂ ಜಾಸ್ತಿ ಭಾಷೆಗಳಿವೆ. ‘ಏಷ್ಯನ್ ಹೆಸರು’ ಅಂತ ಬರೆದು ಪುಟ್ಟಮ್ಮನನ್ನೂ ಜಪಾನಿನ ಹುಡುಗಿಯನ್ನೂ ಒಂದೇ ಸಾಲಿಗೆ ಹಾಕಿದ ಹಾಗೆ ಅದು.

ಹಾಗಾದರೆ ಹೆಸರಿನ ಮೂಲದ ಬಗ್ಗೆ ವಿದ್ವಾಂಸರು ಏನನ್ನುತ್ತಾರೆ?

ಮುಖ್ಯವಾಗಿ ಎರಡು ಊಹೆಗಳಿವೆ.

ಒಂದು, ಇದು ‘ಕಂದಾಕೆ’ ಅನ್ನುವ ಪದ ಕೆಟ್ಟು ಬಂದದ್ದು ಅಂತ. ಕಂದಾಕೆ ಹೆಸರಲ್ಲ, ಪದವಿ. ಈಗಿನ ಸುಡಾನ್‌ನಲ್ಲಿದ್ದ ಮೆರೋಯಿ ರಾಜ್ಯದ ರಾಣಿಯರಿಗೆ, ರಾಜಮಾತೆಯರಿಗೆ ಹಾಗೆ ಕರೆಯುತ್ತಿದ್ದರು. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಈ ಪದ ಒಂದು ಕಡೆ ಬರುತ್ತದೆ. ಅದನ್ನೇ ಹೆಸರು ಅಂದುಕೊಂಡು, ಬಾಯಿಂದ ಬಾಯಿಗೆ ಸವೆದು, ಮಾಕೆದಾ ಆಗಿರಬಹುದು ಅನ್ನುವುದು ಎಡ್ವರ್ಡ್ ಉಲೆಂಡಾರ್ಫ್ ಅವರಂಥವರ ವಾದ.

ಇನ್ನೊಂದು, ಇದು ಅಲೆಕ್ಸಾಂಡರನ ನಾಡಾದ ಮ್ಯಾಸಿಡೋನಿಯಾದ ಹೆಸರಿಗೆ ಸೇರಿದ್ದು ಅಂತ. ಅಲೆಕ್ಸಾಂಡರನ ಕಥೆಗಳು ಇಥಿಯೋಪಿಯಾದಲ್ಲೂ ಬಳಕೆಯಲ್ಲಿದ್ದವು. ಆ ನಂಟಿನಲ್ಲಿ ಹೆಸರು ಬಂದಿರಬಹುದಂತೆ.

ಇಟಲಿಯ ಕಾರ್ಲೋ ಕೊಂಟಿ ರೊಸ್ಸಿನಿ ಅವರಿಗೆ ಎರಡೂ ಒಪ್ಪಿಗೆಯಾಗಲಿಲ್ಲ. ಪ್ರಶ್ನೆ ಬಗೆಹರಿದಿಲ್ಲ ಅಂದರು. ನನ್ನ ಓಟು ಅವರಿಗೇ.

ಇದು ಯಾವ ಭಾಷೆ?

ಹೆಸರು ನಮಗೆ ಸಿಗುವುದು ಗೀಝ್ ಭಾಷೆಯ ಪುಸ್ತಕದಲ್ಲಿ. ಗೀಝ್ ಈಗ ಯಾರ ಮನೆಮಾತೂ ಅಲ್ಲ. ಇಥಿಯೋಪಿಯಾ ಮತ್ತು ಎರಿಟ್ರಿಯಾದ ಆರ್ಥಡಾಕ್ಸ್ ಚರ್ಚುಗಳಲ್ಲಿ ಪೂಜೆಗೆ ಬಳಸುತ್ತಾರೆ. ನಮ್ಮ ದೇವಸ್ಥಾನಗಳಲ್ಲಿ ಸಂಸ್ಕೃತ ಇದ್ದ ಹಾಗೆ. ಇಂದು ಜನ ಆಡುವ ಅಮ್ಹಾರಿಕ್, ತಿಗ್ರಿನ್ಯಾ ಭಾಷೆಗಳು ಅದರ ಬಳಗದವು. ಅರಬ್ಬಿ, ಹೀಬ್ರೂಗಳಿಗೂ ಇವು ದಾಯಾದಿಗಳು.

ಮಾಕೆದಾ ಕಥೆ ಪೂರ್ತಿ ಹೇಳಿ.

ಕಥೆ ಇರುವುದು ‘ಕೆಬ್ರಾ ನಗಸ್ತ್’ ಅನ್ನುವ ಪುಸ್ತಕದಲ್ಲಿ. ‘ರಾಜರ ಕೀರ್ತಿ’ ಅಂತ ಅರ್ಥ. ಇದಕ್ಕೆ ಈಗಿನ ರೂಪ ಬಂದದ್ದು 14ನೇ ಶತಮಾನದ ಮೊದಲ ಭಾಗದಲ್ಲಿ. 117 ಅಧ್ಯಾಯಗಳಿವೆ.

ತಮ್ರಿನ್ ಅಂತ ಒಬ್ಬ ದೊಡ್ಡ ವ್ಯಾಪಾರಿ. ಜೆರುಸಲೇಮಿನಲ್ಲಿ ಸೊಲೊಮೋನ ದೇವಾಲಯ ಕಟ್ಟಿಸುತ್ತಿದ್ದಾಗ ಸಾಮಾನು ಕೊಟ್ಟು ಬರುತ್ತಾನೆ. ಊರಿಗೆ ಬಂದು ರಾಣಿಯ ಮುಂದೆ ಅದನ್ನೇ ಹೇಳುತ್ತಾನೆ. ರಾಜ ಕೆಲಸದವರ ಹತ್ತಿರ ಹೇಗೆ ಮಾತಾಡುತ್ತಾನೆ, ನ್ಯಾಯ ಹೇಗೆ ಹೇಳುತ್ತಾನೆ ಅಂತ ದಿನಾ ವರ್ಣನೆ. ಕೇಳಿ ಕೇಳಿ ಮಾಕೆದಾಗೆ ತಾನೇ ಹೋಗಿ ನೋಡಬೇಕು ಅನ್ನಿಸುತ್ತದೆ. ಚಿನ್ನ, ಹೊನ್ನಿಗಾಗಿ ಅಲ್ಲ, ಬುದ್ಧಿಯ ಮಾತು ಕೇಳಲು. ನನಗೆ ಈ ಭಾಗ ತುಂಬಾ ಇಷ್ಟ. ಅಷ್ಟು ದೂರದ ಪ್ರಯಾಣಕ್ಕೆ ಹೊರಟಿದ್ದು ಒಂದು ಪ್ರಶ್ನೆ ಕೇಳೋಣ ಅಂತ.

ಜೆರುಸಲೇಮಿನಲ್ಲಿ ತಿಂಗಳುಗಟ್ಟಲೆ ಇರುತ್ತಾಳೆ. ಹೊರಡುವ ಹೊತ್ತಿಗೆ ಸೊಲೊಮೋನ ಔತಣ ಇಡುತ್ತಾನೆ. ಬೇಕಂತಲೇ ಮೆಣಸು ಹಾಕಿದ ಖಾರದ ಅಡುಗೆ, ಬಾಯಾರಿಕೆ ಹೆಚ್ಚಿಸುವ ಪಾನೀಯ. ರಾತ್ರಿ ಇಲ್ಲೇ ಮಲಗು ಅನ್ನುತ್ತಾನೆ. ನನ್ನನ್ನು ಬಲವಂತ ಮಾಡುವುದಿಲ್ಲ ಅಂತ ಆಣೆ ಇಡು ಅನ್ನುತ್ತಾಳೆ ಅವಳು. ಸರಿ, ನೀನೂ ನನ್ನ ಮನೆಯ ಯಾವ ವಸ್ತುವನ್ನೂ ಬಲವಂತವಾಗಿ ತೆಗೆದುಕೊಳ್ಳುವುದಿಲ್ಲ ಅಂತ ಆಣೆ ಇಡು ಅನ್ನುತ್ತಾನೆ ಅವನು. ನಡುರಾತ್ರಿ ಅವಳಿಗೆ ಎಚ್ಚರವಾಗುತ್ತದೆ. ಗಂಟಲು ಒಣಗಿದೆ. ಕೋಣೆಯ ನಡುವೆ ನೀರಿನ ಪಾತ್ರೆ. ಕುಡಿಯಲು ಕೈ ಹಾಕಿದ ಕೂಡಲೇ ಅವನು ಕೈ ಹಿಡಿಯುತ್ತಾನೆ. ನೀರು ಕುಡಿದರೆ ಆಣೆ ಮುರಿದಂತೆಯೇ ಅಂತ ಕೇಳುತ್ತಾಳೆ. ಭೂಮಿಯ ಮೇಲೆ ನೀರಿಗಿಂತ ದೊಡ್ಡ ವಸ್ತು ಯಾವುದಿದೆ ಅಂತ ಅವನ ಉತ್ತರ.

ಇದನ್ನು ಪ್ರೇಮಕಥೆ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಖಾರ ತಿನ್ನಿಸಿ ನೀರಿಗೆ ಆಣೆ ಇಡಿಸಿದ್ದು ಮೋಸ.

ಹೊರಡುವಾಗ ಗುರುತಿಗೆ ಉಂಗುರ ಕೊಡುತ್ತಾನೆ. ದಾರಿಯಲ್ಲಿ ಮಗ ಹುಟ್ಟುತ್ತಾನೆ. ಅವನೇ ಮುಂದೆ ಒಂದನೇ ಮೆನೆಲಿಕ್. ದೊಡ್ಡವನಾಗಿ ನನ್ನ ಅಪ್ಪ ಯಾರು ಅಂತ ಕೇಳುತ್ತಾನೆ, 22ನೇ ವಯಸ್ಸಿಗೆ ಉಂಗುರ ಹಿಡಿದು ಜೆರುಸಲೇಮಿಗೆ ಹೋಗುತ್ತಾನೆ. ಇಲ್ಲಿಗೆ ಬಂದಾಗ ನಮ್ಮಮ್ಮ, “ಇದು ಶಕುಂತಲೆ ಕಥೆ ಕಣೋ” ಅಂದರು. ಹೌದು, ಉಂಗುರ, ರಾಜ, ಅಪ್ಪನನ್ನು ಕಾಣದ ಮಗ, ಎಲ್ಲ ಇದೆ. ಒಂದೇ ವ್ಯತ್ಯಾಸ. ಶಕುಂತಲೆ ರಾಜನ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಮಾಕೆದಾ ಹೋಗುವುದಿಲ್ಲ. ಅವಳಿಗೆ ಅವಳದೇ ರಾಜ್ಯ ಇದೆ.

ಮಗ ವಾಪಸ್ ಬರುವಾಗ ಅವನ ಜೊತೆಗಾರರು ದೇವರ ಒಡಂಬಡಿಕೆಯ ಪೆಟ್ಟಿಗೆಯನ್ನೇ (ದೇವರ ಹತ್ತು ಆಜ್ಞೆಗಳ ಕಲ್ಲುಹಲಗೆ ಇಟ್ಟ ಪೆಟ್ಟಿಗೆ) ಎತ್ತಿಕೊಂಡು ಬರುತ್ತಾರೆ. ಅದು ಇವತ್ತಿಗೂ ಆಕ್ಸುಮ್ ಊರಿನ ಝಿಯೋನಿನ ಮರಿಯಮ್ಮನ ಚರ್ಚಿನಲ್ಲಿದೆ ಅನ್ನುವುದು ಅಲ್ಲಿನವರ ನಂಬಿಕೆ. ಕಾವಲಿಗೆ ಒಬ್ಬ ಸನ್ಯಾಸಿ ಇರುತ್ತಾರೆ, ಅವರನ್ನು ಬಿಟ್ಟು ಬೇರೆ ಯಾರೂ ನೋಡುವಂತಿಲ್ಲ.

ಕೊನೆಯಲ್ಲೊಂದು ಚುಚ್ಚುವ ಮಾತಿದೆ. ಮಾಕೆದಾ ಪಟ್ಟವನ್ನು ಮಗನಿಗೆ ಬಿಟ್ಟುಕೊಡುತ್ತಾಳೆ. ಇನ್ನು ಮುಂದೆ ಹೆಂಗಸರು ಆಳಬಾರದು, ಸೊಲೊಮೋನನ ಅಪ್ಪ ದಾವೀದನ ವಂಶದ ಗಂಡಸರೇ ಆಳಬೇಕು ಅಂತ ಕಟ್ಟಳೆಯಾಗುತ್ತದೆ. ಅಷ್ಟು ದೊಡ್ಡ ರಾಣಿಯ ಕಥೆ ಬರೆದವರು ರಾಣಿಯರ ಬಾಗಿಲನ್ನೇ ಹಾಕಿಬಿಟ್ಟರು. ಆ ಬಾಗಿಲು ತೆರೆದದ್ದು 1916ರಲ್ಲಿ, ಝೌದಿತು ಚಕ್ರವರ್ತಿನಿಯಾದಾಗ. ಝೌದಿತು ಅಂದರೆ ಕಿರೀಟ ಅಂತ ಅರ್ಥ.

ಒಂದು ಕಥೆಗೆ ಅಷ್ಟೊಂದು ಬೆಲೆ ಯಾಕೆ?

ಅದು ಬರೀ ಕಥೆಯಾಗಿರಲಿಲ್ಲ, ಸಿಂಹಾಸನದ ಹಕ್ಕುಪತ್ರ ಆಗಿತ್ತು. 1270ರಲ್ಲಿ ಯೆಕುನೊ ಅಮ್ಲಾಕ್ ಪಟ್ಟಕ್ಕೆ ಬಂದ. ಅವನ ವಂಶದವರು ನಾವು ಸೊಲೊಮೋನ ಮತ್ತು ಮಾಕೆದಾರ ಸಂತಾನ ಅಂದರು. ಅದು ಎಲ್ಲಿಯವರೆಗೆ ಬಂತು ಅಂದರೆ, 1955ರ ಸಂವಿಧಾನದಲ್ಲೂ ಚಕ್ರವರ್ತಿ ಹೈಲೆ ಸೆಲಾಸಿಯ ವಂಶ ಶೆಬದ ರಾಣಿಯ ಮಗ ಮೆನೆಲಿಕ್‌ನಿಂದ ಬಂದದ್ದು ಅಂತ ಬರೆದಿತ್ತು. 1974ರಲ್ಲಿ ಅವರನ್ನು ಇಳಿಸಿದ ಮೇಲೆ ಆ ಮಾತು ಕಾನೂನಿನಿಂದ ಹೋಯಿತು. ಜನರ ಬಾಯಿಂದ ಹೋಗಲಿಲ್ಲ.

ಇನ್ನೊಂದು ಪ್ರಸಂಗ. 1868ರಲ್ಲಿ ಬ್ರಿಟಿಷ್ ಸೈನ್ಯ ಮಕ್ದಾಲಾ ಕೋಟೆಯನ್ನು ಲೂಟಿ ಮಾಡಿ ರಾಶಿ ಹಸ್ತಪ್ರತಿಗಳನ್ನು ಹೊತ್ತುಕೊಂಡು ಹೋಯಿತು. (ಮಕ್ದಾಲಾ ಬೇರೆ, ಮಾಕೆದಾ ಬೇರೆ. ಗೊಂದಲ ಬೇಡ.) ಅದರಲ್ಲಿ ಕೆಬ್ರಾ ನಗಸ್ತ್ ಕೂಡ ಇತ್ತು. 1872ರಲ್ಲಿ ಚಕ್ರವರ್ತಿ ನಾಲ್ಕನೇ ಯೊಹಾನ್ನಿಸ್ ಲಂಡನ್ನಿಗೆ ಪತ್ರ ಬರೆದರು. ಆ ಪುಸ್ತಕ ಇಲ್ಲದೆ ನನ್ನ ಜನ ನನ್ನ ಮಾತು ಕೇಳುವುದಿಲ್ಲ, ದಯವಿಟ್ಟು ಕಳಿಸಿಕೊಡಿ ಅಂತ. ಬ್ರಿಟಿಷ್ ಮ್ಯೂಸಿಯಂ ಒಂದು ಪ್ರತಿ ವಾಪಸ್ ಕೊಟ್ಟಿತು. ಲೂಟಿಯ ಮಾಲು ಹಿಂದಕ್ಕೆ ಬರುವುದು ಎಷ್ಟು ಅಪರೂಪ ಅಂತ ನಮಗೆ ಹೇಳಿಕೊಡಬೇಕಿಲ್ಲ.

ಮಾಕೆದಾ ನಿಜವಾಗಿ ಇದ್ದಳಾ?

ಇದ್ದಳು ಅನ್ನಲು ಶಾಸನವೋ ನಾಣ್ಯವೋ ಯಾವುದೂ ಸಿಕ್ಕಿಲ್ಲ. ಆಕ್ಸುಮ್‌ನಲ್ಲಿ ‘ಶೆಬದ ರಾಣಿಯ ಅರಮನೆ’ ಅಂತ ಒಂದು ಅವಶೇಷ ತೋರಿಸುತ್ತಾರೆ, ದುಂಗುರ್ ಅಂತ ಅದರ ಹೆಸರು. ಪುರಾತತ್ವದವರ ಲೆಕ್ಕದಲ್ಲಿ ಅದು ಕ್ರಿಸ್ತಶಕ 6ನೇ ಶತಮಾನದ ಆಸುಪಾಸಿನದು. ಸೊಲೊಮೋನನ ಕಾಲ ಅಂತ ಹೇಳುವುದು ಕ್ರಿಸ್ತಪೂರ್ವ 10ನೇ ಶತಮಾನ. ನಡುವೆ ಒಂದೂವರೆ ಸಾವಿರ ವರ್ಷ. ನಮ್ಮಲ್ಲಿ ಬಂಡೆ ಬಂಡೆಗೂ ಭೀಮನ ಹೆಜ್ಜೆ, ಸೀತೆಯ ಕೊಳ ಇಲ್ಲವೇ? ಆಕ್ಸುಮ್‌ನಲ್ಲೂ ‘ರಾಣಿಯ ಸ್ನಾನದ ಕೊಳ’ ಇದೆ.

ಆದರೆ ಆ ಕಡೆ ಹೆಂಗಸರು ಆಳುತ್ತಲೇ ಇರಲಿಲ್ಲ ಅನ್ನುವಂತಿಲ್ಲ. ಕ್ರಿಸ್ತಪೂರ್ವ 8ನೇ ಶತಮಾನದ ಅಸ್ಸೀರಿಯಾದ ದಾಖಲೆಗಳಲ್ಲಿ ಝಬೀಬೆ, ಸಂಸಿ ಅನ್ನುವ ಅರಬ್ ರಾಣಿಯರ ಹೆಸರುಗಳು ಬರುತ್ತವೆ.

ಶೆಬದ ರಾಣಿ ಯೆಮನ್‌ನವಳು ಅಂತಾರಲ್ಲ? ಮತ್ತೆ ಇಥಿಯೋಪಿಯಾದವಳು ಹೇಗಾದಳು?

ಶೆಬ ಅಂದರೆ ಸಬಾ. ಆ ಹೆಸರಿನ ರಾಜ್ಯ ಯೆಮನ್‌ನ ಮಾರಿಬ್ ಕಡೆ ಇತ್ತು, ಅದಕ್ಕೆ ಶಾಸನಗಳೇ ಸಾಕ್ಷಿ. ಆದರೆ ನಡುವಿನ ಕೆಂಪು ಸಮುದ್ರ ಅಲ್ಲಿ ತುಂಬಾ ಕಿರಿದು. ಇಥಿಯೋಪಿಯಾದ ಯೆಹಾ ಅನ್ನುವ ಊರಿನಲ್ಲಿ ಕ್ರಿಸ್ತಪೂರ್ವದ ಕಲ್ಲಿನ ದೇವಾಲಯ ಇದೆ, ಕಟ್ಟಿದ ರೀತಿ ಸಬಾದ್ದೇ. ಅಲ್ಲಿ ಸಬಾ ಲಿಪಿಯ ಬರಹಗಳೂ ಸಿಕ್ಕಿವೆ. ಎರಡೂ ದಡಕ್ಕೆ ಜನರ ಓಡಾಟ ಇತ್ತು. ಹಾಗಾಗಿ ರಾಣಿ ನಮ್ಮವಳು ಅಂತ ಎರಡೂ ಕಡೆಯವರು ಜಗ್ಗಾಡುತ್ತಾರೆ.

ಕಾಫಿಯ ಕಥೆಯೂ ಇದೇ ಅಲ್ವಾ. ಗಿಡ ಇಥಿಯೋಪಿಯಾದ್ದು. ಸಮುದ್ರ ದಾಟಿ ಯೆಮನ್‌ನಲ್ಲಿ ಬೇಸಾಯವಾಯಿತು. ಅಲ್ಲಿಂದ ಬಾಬಾಬುಡನ್ ಏಳು ಬೀಜ ತಂದರು ಅಂತ ಚಿಕ್ಕಮಗಳೂರಿನ ಐತಿಹ್ಯ. ಮಹಡಿಯ ಮನೆಯವರಿಗೆ ನಮ್ಮಮ್ಮ ಮೊದಲ ದಿನ ಫಿಲ್ಟರ್ ಕಾಫಿ ಕೊಟ್ಟಾಗ ಆತ ಒಂದು ಗುಟುಕು ಕುಡಿದು, “ಬುನ್ನಾ!” ಅಂತ ನಕ್ಕರು. ಅವರ ಭಾಷೆಯಲ್ಲಿ ಕಾಫಿಗೆ ಅದೇ ಹೆಸರು. ಹಾಲು ಸಕ್ಕರೆ ಜಾಸ್ತಿಯಾಯಿತು ಅಂತ ಹೇಳಲು ಅವರಿಗೆ ಆರು ತಿಂಗಳು ಬೇಕಾಯಿತು.

ಇದೇ ರಾಣಿಗೆ ಬೇರೆ ಹೆಸರುಗಳೂ ಇವೆಯಾ?

ಬೇಕಾದಷ್ಟಿವೆ. ಬೈಬಲ್ ಹೆಸರೇ ಹೇಳುವುದಿಲ್ಲ, ಬರೀ ಶೆಬದ ರಾಣಿ ಅನ್ನುತ್ತದೆ. ಕುರ್‌ಆನ್‌ನ 27ನೇ ಅಧ್ಯಾಯದಲ್ಲೂ ಹೆಸರಿಲ್ಲ, ಆದರೆ ಮುಸ್ಲಿಂ ಪರಂಪರೆಯಲ್ಲಿ ಅವಳು ಬಿಲ್ಕೀಸ್. ನಮ್ಮೂರುಗಳಲ್ಲೂ ಬಿಲ್ಕೀಸ್ ಬಾನು ಅನ್ನುವ ಹೆಸರು ಕೇಳಿರುತ್ತೀರಿ, ಅದು ಇದೇ ರಾಣಿಯದು. ಕುರ್‌ಆನ್‌ನಲ್ಲಿ ಅವಳ ಸುದ್ದಿಯನ್ನು ಸುಲೈಮಾನರಿಗೆ (ಸೊಲೊಮೋನನಿಗೆ ಅಲ್ಲಿರುವ ಹೆಸರು) ತಂದು ಹೇಳುವುದು ಚಂದ್ರಮುಕುಟ ಹಕ್ಕಿ. ಅರಮನೆಗೆ ಬಂದ ರಾಣಿ ಗಾಜಿನ ನೆಲವನ್ನು ನೀರು ಅಂದುಕೊಂಡು ಬಟ್ಟೆ ಎತ್ತಿ ಹಿಡಿಯುತ್ತಾಳೆ. ಮಯಸಭೆಯಲ್ಲಿ ದುರ್ಯೋಧನ ಮಾಡಿದ್ದೂ ಅದನ್ನೇ. ಮೊದಲ ಶತಮಾನದ ಯೆಹೂದಿ ಚರಿತ್ರೆಕಾರ ಜೋಸೆಫಸ್ ಅವಳನ್ನು ನಿಕೌಲೆ ಅಂದ.

ಇಥಿಯೋಪಿಯಾದಲ್ಲೇ ಇನ್ನೊಂದು ಹೆಸರಿದೆ, ಅಝೇಬ್. ದಕ್ಷಿಣ ಅಂತ ಅರ್ಥ. ಹೊಸ ಒಡಂಬಡಿಕೆಯಲ್ಲಿ ಯೇಸು ಅವಳನ್ನು ‘ದಕ್ಷಿಣದ ರಾಣಿ’ ಅಂದದ್ದರಿಂದ ಬಂದದ್ದು. ಉತ್ತರದ ಜನಪದ ಕಥೆಯೊಂದರಲ್ಲಿ ಈ ಅಝೇಬ್ ಒಬ್ಬ ಸಾಮಾನ್ಯ ಹುಡುಗಿ. ಊರಿನವರು ಅವಳನ್ನು ಘಟಸರ್ಪಕ್ಕೆ ಬಲಿ ಅಂತ ಮರಕ್ಕೆ ಕಟ್ಟುತ್ತಾರೆ. ಸಂತರು ಬಂದು ಸರ್ಪವನ್ನು ಕೊಲ್ಲುತ್ತಾರೆ. ಅದರ ರಕ್ತ ಸಿಡಿದು ಹುಡುಗಿಯ ಹಿಮ್ಮಡಿ ಕತ್ತೆಯ ಗೊರಸಾಗುತ್ತದೆ. ಊರಿನವರು ಅವಳನ್ನೇ ಒಡತಿ ಮಾಡಿಕೊಳ್ಳುತ್ತಾರೆ. ಕಾಲು ವಾಸಿ ಮಾಡಿಸಿಕೊಳ್ಳಲೆಂದೇ ಅವಳು ಜೆರುಸಲೇಮಿಗೆ ಹೋಗುವುದು.

ಉಚ್ಚಾರಣೆ ಹೇಗೆ? ಮಕೀಡಾ, ಮಕೇಡಾ, ಮಾಕ್ದಾ, ಯಾವುದು ಸರಿ?

ಇಂಗ್ಲಿಷ್ ಮಾತಾಡುವವರು ಮಕೀಡಾ, ಮಕೇಡಾ ಅನ್ನುತ್ತಾರೆ. ಇಥಿಯೋಪಿಯಾದವರ ಬಾಯಲ್ಲಿ ಅದು ಮಾಕ್ದಾ ಅಥವಾ ಮಾಕೆದಾ. ಡ ಅಲ್ಲ, ದ. ನಡುವಿನ ‘ಕೆ’ ತುಂಬಾ ಹಗುರ, ಅರ್ಧ ನುಂಗಿದ ಹಾಗೆ.

ಇದು ನನಗೆ ತಿಳಿದದ್ದು ಕಾಗದದ ಮೇಲೆ. ಒಂದು ಸಂಜೆ ಮಗುವಿನ ಅಪ್ಪ ದಿನಸಿ ಅಂಗಡಿಯ ಬಿಲ್ಲಿನ ಹಿಂಭಾಗದಲ್ಲಿ ಹೆಸರು ಬರೆದು ತೋರಿಸಿದರು. ಮೂರೇ ಅಕ್ಷರ. ಕನ್ನಡಕದ ಹಾಗೆ ಅಂಟಿಕೊಂಡ ಎರಡು ಸೊನ್ನೆ, ಅದು ‘ಮ’. ಬಲಗಡೆ ಒಂದು ಕಾಲು ಇಳಿಬಿಟ್ಟರು, ‘ಮಾ’ ಆಯಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇದು ನಮ್ಮ ಕಾಗುಣಿತ! ಅವರ ಲಿಪಿಗೆ ಫಿದೆಲ್ ಅಂತ ಹೆಸರು. ಒಂದೊಂದು ವ್ಯಂಜನಕ್ಕೆ ಏಳು ರೂಪ. ಮೆ, ಮು, ಮಿ, ಮಾ, ಮೇ, ಮ್, ಮೊ ಅಂತ ಹೋಗುತ್ತದೆ. ಅಲ್ಲಿನ ಮಕ್ಕಳೂ ಇದನ್ನು ರಾಗವಾಗಿ ಬಾಯಿಪಾಠ ಮಾಡುತ್ತಾರೆ. ಮೊದಲು ಬರೀ ವ್ಯಂಜನಗಳಿದ್ದವು, ಸ್ವರದ ಗುರುತುಗಳು ಬಂದದ್ದು 4ನೇ ಶತಮಾನದ ಹೊತ್ತಿಗೆ, ಆಕ್ಸುಮ್‌ನ ಎಝಾನ ರಾಜನ ಕಾಲದಲ್ಲಿ.

ಮಾಕೆದಾದಲ್ಲಿ ‘ಮಾ’ ನಾಲ್ಕನೇ ರೂಪ, ‘ದಾ’ ಕೂಡ ನಾಲ್ಕನೇದು. ನಡುವಿನದು ಆರನೇ ರೂಪದ ‘ಕ್’. ಈ ಆರನೆಯದೇ ತಕರಾರಿನದು. ಕೆಲವು ಕಡೆ ಸ್ವರ ಇಲ್ಲದ ಅರ್ಧಾಕ್ಷರ, ಕೆಲವು ಕಡೆ ಒಂದು ಸಣ್ಣ ಸ್ವರ. ಅದಕ್ಕೇ ಇಂಗ್ಲಿಷ್‌ನಲ್ಲಿ ಕೆಲವರು ನಡುವೆ ‘ಇ’ ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಎರಡೂ ಒಂದೇ ಹೆಸರು.

ತಪ್ಪಾಗಿ ಹೇಳಿದರೆ ಏನಾದರೂ ಕೆಟ್ಟ ಅರ್ಥ ಬರುತ್ತದಾ?

ಕೆಟ್ಟದ್ದಲ್ಲ, ತಮಾಷೆಯದು. ಅಮ್ಹಾರಿಕ್‌ನಲ್ಲಿ ‘ಮೆಕೆದಾ’ ಅಂತ ಇನ್ನೊಂದು ಪದ ಇದೆ. ಅಂದರೆ ಒರಗುದಿಂಬು. ನಮ್ಮಲ್ಲಿ ಬಲ, ಬಾಲ ಬೇರೆ ಬೇರೆ ಆದ ಹಾಗೆ, ಮೊದಲ ಅಕ್ಷರ ಎಳೆಯದೆ ನಡುವಿನದಕ್ಕೆ ಸ್ವರ ಕೊಟ್ಟರೆ ರಾಣಿ ಹೋಗಿ ದಿಂಬು ಬರುತ್ತದೆ.

ಕನ್ನಡದಲ್ಲಿ ಇನ್ನೂ ಮಜಾ. ನಮ್ಮಮ್ಮ ಮೊದಲ ಸಲ ಕೇಳಿ, “ಏನಮ್ಮಾ, ಮಗೂಗೆ ಮಕಾಡೆ ಅಂತ ಹೆಸರಿಟ್ರಾ?” ಅಂದರು. ಮಕಾಡೆ ಮಲಗುವುದು ಅಂದರೆ ಏನು ಅಂತ ನಾನು ಅಭಿನಯ ಮಾಡಿ ತೋರಿಸಬೇಕಾಯಿತು. ಒಂದು ಭಾಷೆಯಲ್ಲಿ ದಿಂಬು, ಇನ್ನೊಂದು ಭಾಷೆಯಲ್ಲಿ ಅದರ ಮೇಲೆ ಬೋರಲು ಬೀಳುವುದು. ತೊಟ್ಟಿಲಲ್ಲಿದ್ದ ಕೂಸು ಆಗ ತಾನೇ ಮಗುಚಿಕೊಳ್ಳಲು ಕಲಿತಿತ್ತು. ತಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇಥಿಯೋಪಿಯಾದಲ್ಲೇ ಈ ಹೆಸರು ಅಪರೂಪವಾ?

ಹೆಸರು ಎಲ್ಲರಿಗೂ ಗೊತ್ತು, ಇಡುವವರು ಕಡಿಮೆ. ತಮ್ಮ ತರಗತಿಯಲ್ಲಿ ಮೂವರು ಸಬಾ ಇದ್ದರು, ಒಬ್ಬಳೂ ಮಾಕೆದಾ ಇರಲಿಲ್ಲ ಅಂತ ಮಗುವಿನ ತಾಯಿ ಹೇಳುತ್ತಿದ್ದರು. ಸಬಾ, ಅಝೇಬ್, ನಿಗಿಸ್ತ್ (ಅಂದರೆ ರಾಣಿ) ಇವು ಅದೇ ರಾಣಿಯ ನೆನಪಿನ ಹೆಸರುಗಳೇ, ಆದರೆ ದಿನಬಳಕೆಯವು.

ಅಲ್ಲಿನ ಹೆಚ್ಚಿನ ಹೆಸರುಗಳಿಗೆ ಅರ್ಥ ಕನ್ನಡಿಯಷ್ಟು ಸ್ಪಷ್ಟ. ಅಲ್ಮಾಝ್ ಅಂದರೆ ವಜ್ರ, ಡೆಸ್ತಾ ಅಂದರೆ ಸಂತೋಷ, ತ್ಸೆಹಾಯ್ ಅಂದರೆ ಸೂರ್ಯ. ಅಬೆಬಾ ಅಂದರೆ ಹೂವು, ಆಡಿಸ್ ಅಬಾಬಾ ಅಂದರೆ ಹೊಸ ಹೂವು. ಕೆಲವು ಹೆಸರುಗಳು ಒಂದಿಡೀ ವಾಕ್ಯ. ಓಟಗಾರ್ತಿ ತಿರುನೇಶ್ ದಿಬಾಬಾ ಹೆಸರು ಕೇಳಿದ್ದೀರಿ, ತಿರುನೇಶ್ ಅಂದರೆ ‘ನೀನು ಒಳ್ಳೆಯವಳು’. ಅವರ ತಂಗಿ ಗೆಂಝೆಬೆ, ಅಂದರೆ ‘ನನ್ನ ದುಡ್ಡು’. ನಮ್ಮ ಧನಲಕ್ಷ್ಮಿಯ ಹತ್ತಿರದ ನೆಂಟಳು. ಇಷ್ಟು ನೇರ ಹೆಸರುಗಳ ನಡುವೆ ಅರ್ಥ ಬಿಟ್ಟುಕೊಡದ ಮಾಕೆದಾ ಬೇರೆಯಾಗಿ ಕಾಣುತ್ತಾಳೆ.

ಅವರಿಗೆ ಸರ್‌ನೇಮ್ ಇರುತ್ತದಾ?

ಇಲ್ಲ. ಮಗುವಿನ ಹೆಸರು, ಅದರ ಮುಂದೆ ಅಪ್ಪನ ಹೆಸರು, ಬೇಕಾದರೆ ಅಜ್ಜನ ಹೆಸರು. ಅಷ್ಟೇ. ಮದುವೆಯಾದ ಮೇಲೂ ಹೆಂಡತಿ ಹೆಸರು ಬದಲಾಗುವುದಿಲ್ಲ. ತಿರುನೇಶ್ ದಿಬಾಬಾ ಅಂದರೆ ದಿಬಾಬಾ ಅವರ ಮಗಳು ತಿರುನೇಶ್. ಹಾಗಾಗಿ ಗೌರವದಿಂದ ಕರೆಯುವಾಗಲೂ ಮೊದಲ ಹೆಸರನ್ನೇ ಹಿಡಿದು ಕರೆಯಬೇಕು. ಎರಡನೇ ಹೆಸರಿನಿಂದ ಕರೆದರೆ ಅವರ ಅಪ್ಪನನ್ನು ಕರೆದ ಹಾಗೆ.

ಇನಿಷಿಯಲ್ ಇಟ್ಟುಕೊಂಡು ಬೆಳೆದ ನಮಗೆ ಇದು ಅರ್ಥವಾಗಬೇಕು. ಆದರೂ ಮಗುವಿನ ಕಾಗದಪತ್ರಕ್ಕೆ ಅವರ ಜೊತೆ ಒಂದು ಕಚೇರಿಗೆ ಹೋದಾಗ ಕೌಂಟರ್‌ನಲ್ಲಿದ್ದವರು ಒಪ್ಪಲಿಲ್ಲ. “ಗಂಡನ ಸರ್‌ನೇಮ್ ಒಂದು, ಹೆಂಡತಿಯದು ಇನ್ನೊಂದು, ಮಗೂದು ಮತ್ತೊಂದು. ಇದು ಒಂದೇ ಫ್ಯಾಮಿಲಿ ಹೇಗಾಗುತ್ತೆ ಸಾರ್?” ನಾನು ಅವರ ಎದೆಯ ಮೇಲಿದ್ದ ಬ್ಯಾಡ್ಜ್ ನೋಡಿದೆ. ಅವರ ಹೆಸರಿನ ಹಿಂದೆಯೂ ಎರಡು ಇನಿಷಿಯಲ್. “ನಿಮ್ಮ ಸರ್‌ನೇಮ್ ಯಾವುದು ಸಾರ್?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸೀಲು ಹಾಕಿದರು.

ನಾಮಕರಣ ಇದೆಯಾ?

ಆರ್ಥಡಾಕ್ಸ್ ಕ್ರೈಸ್ತರಲ್ಲಿ ದೀಕ್ಷಾಸ್ನಾನ ಇದೆ. ಗಂಡು ಮಗುವಿಗೆ 40ನೇ ದಿನ, ಹೆಣ್ಣಿಗೆ 80ನೇ ದಿನ. ಆಗ ಚರ್ಚಿನಲ್ಲಿ ಬೇರೆಯದೇ ಹೆಸರಿಡುತ್ತಾರೆ. ವಲೆತ ಮರಿಯಂ, ಅಂದರೆ ಮರಿಯಮ್ಮನ ಮಗಳು, ಈ ಥರ. ಅದು ಪೂಜೆ ಪ್ರಾರ್ಥನೆಗೆ. ಹೊರಗೆ ಕರೆಯುವ ಹೆಸರು ಬೇರೆ. ಜಾತಕದ ಹೆಸರು ಒಂದು, ಕೂಗುವ ಹೆಸರು ಒಂದು ಇಟ್ಟುಕೊಂಡ ನಮಗೆ ಹೊಸದೇನಲ್ಲ.

ಇದು ಕ್ರೈಸ್ತರ ಹೆಸರು ಮಾತ್ರವಾ?

ಕಥೆ ಬೆಳೆದದ್ದು ಇಥಿಯೋಪಿಯಾದ ಕ್ರೈಸ್ತರ ಪುಸ್ತಕದಲ್ಲಿ. ಆದರೆ ಮಾಕೆದಾ ಸಂತಳಲ್ಲ, ರಾಣಿ. ಹೆಸರಿಗೆ ಧರ್ಮಕ್ಕಿಂತ ದೇಶದ ಬಣ್ಣ ಜಾಸ್ತಿ.

ಜಮೈಕಾ, ಅಮೆರಿಕದಲ್ಲೂ ಮಾಕೆದಾಗಳಿದ್ದಾರಲ್ಲ?

ಇದ್ದಾರೆ. ಅದಕ್ಕೆ ಕಾರಣ ರಸ್ತಾಫಾರಿ ಪಂಥ. 1930ರಲ್ಲಿ ಹೈಲೆ ಸೆಲಾಸಿ ಪಟ್ಟಕ್ಕೆ ಬಂದಾಗ ಜಮೈಕಾದ ಕೆಲವರು ಅವರನ್ನೇ ದೇವರು ಅಂತ ನಂಬಿದರು. 1966ರ ಏಪ್ರಿಲ್ 21ರಂದು ಅವರು ಕಿಂಗ್‌ಸ್ಟನ್ನಿಗೆ ಬಂದಾಗ ವಿಮಾನ ನಿಲ್ದಾಣದಲ್ಲಿ ಜನಸಾಗರವೇ ಸೇರಿತ್ತು. ಗುಲಾಮರಾಗಿ ಹೋದವರ ಹೆಸರುಗಳನ್ನು ಒಡೆಯರು ಅಳಿಸಿಹಾಕಿದ್ದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಮಗಳಿಗೊಂದು ಆಫ್ರಿಕಾದ ಹೆಸರು ಹುಡುಕುವಾಗ ಈ ರಾಣಿ ಸಿಕ್ಕಳು. ಮಾಕೆದಾ ಅನ್ನುವ ಹುಡುಗಿ ಕಂಡರೆ ಅವಳು ಇಥಿಯೋಪಿಯಾದವಳೇ ಅಂದುಕೊಳ್ಳಬೇಡಿ. ಕೆರಿಬಿಯನ್ ಮೂಲದವಳೂ ಆಗಿರಬಹುದು.

ಮಿರಿಯಂ ಮಕೇಬಾ ಹೆಸರಿಗೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ಅವರು ದಕ್ಷಿಣ ಆಫ್ರಿಕಾದ ಗಾಯಕಿ, ಮಕೇಬಾ ಅವರ ಮನೆತನದ ಹೆಸರು.

ಕರ್ನಾಟಕಕ್ಕೂ ಇಥಿಯೋಪಿಯಾಕ್ಕೂ ಹಳೆಯ ನಂಟು ಏನಾದರೂ?

ಮಾಕೆದಾ ಹೆಸರಿಗಿಲ್ಲ, ಆದರೆ ಅವಳ ನಾಡಿಗಿದೆ. ‘ಹಬಶಿ’ ಅನ್ನುವ ಪದ ಕೇಳಿದ್ದೀರಿ. ಅದು ಹಬೇಶಾದಿಂದ ಬಂದದ್ದು. ಇಥಿಯೋಪಿಯಾ, ಎರಿಟ್ರಿಯಾದ ಎತ್ತರದ ನಾಡಿನವರು ಇವತ್ತಿಗೂ ತಮ್ಮನ್ನು ಹಬೇಶಾ ಅಂದುಕೊಳ್ಳುತ್ತಾರೆ. ಗುಲಾಮರಾಗಿ ದಖ್ಖನಿಗೆ ಬಂದು ಸೇನಾಪತಿ, ಮಂತ್ರಿ ಆದವರಿದ್ದರು. ಅಹ್ಮದ್‌ನಗರದ ಮಲಿಕ್ ಅಂಬರ್ ಹುಟ್ಟಿದ್ದು ಇಥಿಯೋಪಿಯಾದಲ್ಲಿ, ತೀರಿಕೊಂಡದ್ದು 1626ರಲ್ಲಿ. ನಮ್ಮ ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಹಬಶಿ. ಸುಲ್ತಾನನ ಜೊತೆ ಆನೆಯ ಮೇಲೆ ಕೂತಿರುವ ಅವನ ಚಿತ್ರ ತುಂಬಾ ಪ್ರಸಿದ್ಧ. ಈ ಮಾತು ಹೇಳಿದಾಗ ಮಗುವಿನ ಅಪ್ಪ ಬಿಜಾಪುರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರು. ಹೋಗಿಯೂ ಬಂದರು.

ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಕಥೆ ಬೇರೆ. ಅವರ ಹಿರಿಯರಲ್ಲಿ ಹೆಚ್ಚಿನವರು ಆಫ್ರಿಕಾದ ಆಗ್ನೇಯ ಭಾಗದವರು, ಪೋರ್ಚುಗೀಸರ ಗುಲಾಮಗಿರಿಯಲ್ಲಿ ಗೋವಾ ಕಡೆಯಿಂದ ಬಂದವರು. ಶೆಬದ ರಾಣಿಯನ್ನು ಅವರ ತಲೆಗೆ ಕಟ್ಟಬಾರದು.

ನಮ್ಮ ಮಗಳಿಗೆ ಈ ಹೆಸರಿಡಬಹುದಾ?

ಇದನ್ನು ಕೇಳಿದವರು ಮೂವರು. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ‘ಯಾರೂ ಇಡದ ಹೆಸರು ಬೇಕು’ ಅನ್ನುವುದೊಂದೇ ಕಾರಣವಾದರೆ ಬೇಡ ಅನ್ನುತ್ತೇನೆ. ಮಗು ಶಾಲೆಗೆ ಹೋದ ದಿನದಿಂದ ‘ಇದ್ಯಾವ ಹೆಸರು?’ ಅಂತ ಕೇಳುತ್ತಾರೆ. ಉತ್ತರ ಅವಳೇ ಹೇಳಬೇಕು, ನೀವಲ್ಲ. ಮನೆಯಲ್ಲಿ ಆ ರಾಣಿಯ ಕಥೆ ಹೇಳುವವರಿದ್ದರೆ ಇಡಿ. ಮತ್ತೆ, ಮಕಾಡೆ ಅಂತ ರೇಗಿಸುವ ಸೋದರಮಾವ ಪ್ರತಿ ಮನೆಯಲ್ಲೂ ಇರುತ್ತಾನೆ, ಅದಕ್ಕೂ ತಯಾರಿರಿ.

ಕನ್ನಡದಲ್ಲಿ ಹೇಗೆ ಬರೆಯಬೇಕು?

ಮಾಕೆದಾ ಅಥವಾ ಮಾಕ್ದಾ. ಎರಡು ಕಡೆ ದೀರ್ಘ ಬಿಡಬೇಡಿ, ಬಿಟ್ಟರೆ ದಿಂಬಾಗುತ್ತದೆ. ‘ಡ’ ಹಾಕಬೇಡಿ. ಜನನ ಪ್ರಮಾಣಪತ್ರದ ಕರಡು ಕೊಟ್ಟಾಗ ಒಂದೊಂದೇ ಅಕ್ಷರ ಓದಿ ನೋಡಿ, ಅಲ್ಲಿ ಬಿದ್ದ ತಪ್ಪು ಜೀವಮಾನ ಕಾಡುತ್ತದೆ.

ಆ ಮಗು ಈಗ ಎಲ್ಲಿದೆ?

ಆಡಿಸ್ ಅಬಾಬಾದಲ್ಲಿ. ಹೋದ ವರ್ಷ ಶಾಲೆಗೆ ಸೇರಿದಳು. ಅವಳು ಮೊದಲ ಸಲ ತಾನೇ ಬರೆದ ಹೆಸರಿನ ಫೋಟೋ ಅವರಮ್ಮ ಕಳಿಸಿದ್ದರು. ಪೆನ್ಸಿಲ್ ಒತ್ತಿ ಒತ್ತಿ ಬರೆದ ಮೂರು ಅಕ್ಷರ, ಮೊದಲನೆಯದರ ಕಾಲು ಎಡಗಡೆಗೆ ಹೋಗಿತ್ತು. ನಮ್ಮಮ್ಮ ಕನ್ನಡಕ ಹಾಕಿಕೊಂಡು ನೋಡಿ, “ಮಾಗೆ ಇಳಿ ಈ ಕಡೆ ಅಲ್ಲ, ಆ ಕಡೆ ಅಂತ ಹೇಳೋ ಅವಳಿಗೆ” ಅಂದರು.